ಐದು ಹೆಸರು, ಒಂದೇ ಚೆಂಡು

ಬರೋ ಬುಧವಾರ, 2012ರ ಅಕ್ಟೋಬರ್ 31ರ ಬೆಳಿಗ್ಗೆ 8ಕ್ಕೆ ಲೇಕರ್ಸ್ ಟೀಮಿನ ಮೊದಲ ಮ್ಯಾಚು, ಡಲ್ಲಾಸ್ ಮೇಲೆ. ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಆಗಸ್ಟ್‌ನಿಂದಲೇ ಹಬ್ಬ. "82 ಮ್ಯಾಚು ಯಾಕೆ ಸುಮ್ನೆ, ಕಪ್ ಈಗ್ಲೇ ಕೊಟ್ಬಿಡ್ಲಿ" ಅಂತಾನೆ ಪಕ್ಕದ ಕ್ಯೂಬಿಕಲ್ಲಿನ ಹುಡುಗ.

ನಾನೂ ಲೇಕರ್ಸ್ ಕಡೆಯವನೇ. 2010ರ ಫೈನಲ್‌ನ ಏಳನೇ ಮ್ಯಾಚಿಗೆ ಬೆಳಬೆಳಗ್ಗೆ ಎದ್ದು ಕೂತು, ಕೋಬಿ ಬ್ರಯಾಂಟ್ 24 ಸಲ ಎಸೆದು ಬರೀ 6 ಹಾಕಿದ್ದನ್ನ ನೋಡಿ ಉಗುರು ಕಚ್ಚಿದವನು. ಕೊನೆಗೆ 83-79ರಲ್ಲಿ ಬಾಸ್ಟನ್ ಸೋತಾಗ ಪಿಜಿ ರೂಮಲ್ಲಿ ಒಬ್ಬನೇ ಕುಣಿದವನು. ಕೋಬಿಗೆ ಆರನೇ ಉಂಗುರ ಸಿಗಲಿ, ಜೋರ್ಡಾನ್ ಸಮಕ್ಕೆ ನಿಲ್ಲಲಿ ಅನ್ನೋ ಆಸೆ ನಂಗೂ ಇದೆ. ಆದ್ರೂ ಹೇಳ್ತೀನಿ, ಆಸೆಯನ್ನ ಈ ಸಲ ಒಂದು ಮೆಟ್ಟಿಲು ಕೆಳಗಿಟ್ಟುಕೊಳ್ಳಿ.

ಹೆಸರುಗಳೇನೋ ದೊಡ್ಡವೇ. ಎರಡು ಸಲ ಎಂವಿಪಿ ಆದ ಸ್ಟೀವ್ ನ್ಯಾಶ್ ಜುಲೈನಲ್ಲಿ ಬಂದ. ಮೂರು ಸಲ ವರ್ಷದ ಅತ್ಯುತ್ತಮ ಡಿಫೆಂಡರ್ ಆದ ಡ್ವೈಟ್ ಹೋವರ್ಡ್ ಆಗಸ್ಟ್‌ನಲ್ಲಿ ಬಂದ. ಕೋಬಿ, ಪಾವ್ ಗಸೋಲ್, ಮೆಟ್ಟಾ ವರ್ಲ್ಡ್ ಪೀಸ್ ಮೊದಲೇ ಇದ್ದಾರೆ. ವಯಸ್ಸು ನೋಡಿ: ನ್ಯಾಶ್ 38, ಕೋಬಿ 34, ಗಸೋಲ್ ಮತ್ತು ಮೆಟ್ಟಾ 32, ಹೋವರ್ಡ್ ಒಬ್ಬನೇ 26. ಸರಾಸರಿ 32 ದಾಟುತ್ತೆ. ನ್ಯಾಶ್‌ಗೆ ಎಷ್ಟೋ ವರ್ಷದ ಬೆನ್ನುನೋವು. ಆಟದ ಮಧ್ಯೆ ಬೆಂಚಿನ ಮೇಲೆ ಕೂರೋಕಾಗದೆ ಅಂಗಳದ ಪಕ್ಕ ನೆಲದ ಮೇಲೆ ಮಲಗೋದನ್ನ ನೀವೂ ನೋಡಿರ್ತೀರಿ. ಹೋವರ್ಡ್ ಏಪ್ರಿಲ್‌ನಲ್ಲಷ್ಟೇ ಬೆನ್ನಿನ ಆಪರೇಷನ್ ಮಾಡಿಸಿಕೊಂಡವನು. ಟೀಮಿನ ಅರ್ಧ ಭವಿಷ್ಯ ಇಬ್ಬರ ಬೆನ್ನುಮೂಳೆ ಮೇಲಿದೆ.

ವಯಸ್ಸನ್ನ ಬಿಡಿ, ಹೊಂದಾಣಿಕೆಗೆ ಬರೋಣ. ನಾನು ಚಿಕ್ಕವನಿದ್ದಾಗ ಅಪ್ಪ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಒಂದು ಎತ್ತು ತಂದಿದ್ದರು. ಊರೆಲ್ಲ ಬಂದು ಹಲ್ಲು ನೋಡಿ, ಬೆನ್ನು ತಟ್ಟಿ ಹೊಗಳಿದ್ದೇ ಹೊಗಳಿದ್ದು. ಆದ್ರೆ ಅದು ಬಲಗಡೆ ಹೂಡಿ ಪಳಗಿದ ಎತ್ತು, ಮನೆಯಲ್ಲಿದ್ದದ್ದೂ ಬಲಗಡೆಯದೇ. ಹೊಸದನ್ನ ಎಡಕ್ಕೆ ಕಟ್ಟಿದರು. ಆ ವರ್ಷ ನಮ್ಮ ಹೊಲದಲ್ಲಿ ಒಂದು ಸಾಲೂ ನೆಟ್ಟಗೆ ಬರಲಿಲ್ಲ. ಎರಡೂ ಒಳ್ಳೇ ಎತ್ತೇ, ಜೋಡಿ ಮಾತ್ರ ಕೂಡಿರಲಿಲ್ಲ.

ಗಸೋಲ್ ಮತ್ತು ಹೋವರ್ಡ್ ನೋಡಿದ್ರೆ ನಂಗೆ ಅದೇ ನೆನಪಾಗುತ್ತೆ. ಇಬ್ಬರೂ ಬುಟ್ಟಿ ಪಕ್ಕದಲ್ಲೇ ಬೆಳೆದವರು. ಈಗ ಹೋವರ್ಡ್‌ಗೆ ಜಾಗ ಬಿಡೋಕೆ ಗಸೋಲ್ ಹೊರಗೆ ಬಂದು ದೂರದಿಂದ ಎಸೀಬೇಕು. ನ್ಯಾಶ್ ಕಥೆಯೂ ಅಷ್ಟೇ. ಫೀನಿಕ್ಸ್‌ನಲ್ಲಿ ಚೆಂಡು ಅವನ ಕೈಲೇ ಇರ್ತಿತ್ತು. ಎತ್ತರದ ಆಟಗಾರ ಬಂದು ಎದುರಾಳಿಗೆ ಅಡ್ಡ ನಿಲ್ಲೋದು, ನ್ಯಾಶ್ ಪಕ್ಕದಿಂದ ನುಗ್ಗೋದು, ಆಮೇಲೆ ತಾನೇ ಎಸೀಬೇಕಾ, ಪಾಸ್ ಕೊಡಬೇಕಾ ಅಂತ ಕಣ್ಣು ಮಿಟುಕಿಸೋದರಲ್ಲಿ ತೀರ್ಮಾನಿಸೋದು. ಆ ಪಿಕ್ ಅಂಡ್ ರೋಲ್‌ನಲ್ಲಿ ಅವನನ್ನ ಮೀರಿಸಿದವರು ಕಡಿಮೆ. ಆದ್ರೆ ಕೋಚ್ ಮೈಕ್ ಬ್ರೌನ್ ಈ ಸಲ ತರ್ತಿರೋದು ಪ್ರಿನ್ಸ್‌ಟನ್ ಪದ್ಧತಿ. ಅದರಲ್ಲಿ ಚೆಂಡು ಯಾರೊಬ್ಬರ ಹತ್ತಿರವೂ ನಿಲ್ಲಬಾರದು, ಐದೂ ಜನ ಓಡ್ತಾ ಪಾಸ್ ಮಾಡ್ತಿರಬೇಕು. ಒಳ್ಳೇ ಪದ್ಧತಿಯೇ. ಆದ್ರೆ ಅದು ಮೈಗೆ ಹತ್ತೋಕೆ ತಿಂಗಳುಗಟ್ಟಲೆ ಬೇಕು. ಜೊತೆಗೆ, ಲೀಗ್‌ನ ಅತಿ ಜಾಣ ಪಾಸರ್‌ನನ್ನ ತಂದು ಅವನ ಕೈಯಿಂದಲೇ ಚೆಂಡು ಕಿತ್ಕೊಂಡ ಹಾಗಾಯ್ತು. ಕೋಬಿಗೂ ಚೆಂಡು ಬೇಕು ಅನ್ನೋದನ್ನ ಬೇರೆ ಹೇಳಬೇಕಿಲ್ಲ.

ಪ್ರೀ ಸೀಸನ್‌ನ ಎಂಟಕ್ಕೆ ಎಂಟೂ ಸೋತಿದ್ದಾರೆ. ಸೋಲಿಗೆ ಬೆಲೆ ಇಲ್ಲ, ಒಪ್ತೀನಿ. ನನ್ನ ಚಿಂತೆ ಬೇರೆ. ಹೋವರ್ಡ್ ಅಂಗಳಕ್ಕಿಳಿದದ್ದೇ ಅಕ್ಟೋಬರ್ 21ಕ್ಕೆ. ಆಮೇಲೆ ಕೋಬಿಗೆ ಪಾದದ ನೋವು. ಅಂದ್ರೆ ಐದೂ ಜನ ಒಟ್ಟಿಗೆ ಆಡಿದ್ದೇ ಅಪರೂಪ.

"ಬಾಸ್ಟನ್ ಒಂದೇ ವರ್ಷದಲ್ಲಿ ಗೆಲ್ಲಲಿಲ್ವಾ?" ಅಂತ ಕೇಳ್ತೀರಿ. ಗೆದ್ದರು. ಕೆವಿನ್ ಗಾರ್ನೆಟ್, ರೇ ಅಲೆನ್ ಬಂದ ಮೇಲೆ 24 ಗೆಲುವಿನ ಟೀಮು 66 ಗೆದ್ದು 2008ರ ಚಾಂಪಿಯನ್ ಆಯ್ತು. ಅಲ್ಲಿ ಯಾರ ಕೆಲಸ ಏನು ಅನ್ನೋದು ಮೊದಲ ದಿನದಿಂದ ಸ್ಪಷ್ಟವಿತ್ತು. ಮಯಾಮಿಯಲ್ಲಿ ಲೆಬ್ರಾನ್, ವೇಡ್, ಬಾಶ್ ಸೇರಿದಾಗ ಮೊದಲ 17 ಮ್ಯಾಚಲ್ಲಿ 9 ಗೆಲುವು, 8 ಸೋಲು. ಆ ವರ್ಷ ಫೈನಲ್ ಸೋತು, ಕಪ್ ಎತ್ತಿದ್ದು ಎರಡನೇ ವರ್ಷ. ಇನ್ನು ಲೇಕರ್ಸ್ ಸ್ವಂತ ಚರಿತ್ರೆ: 2003ರಲ್ಲಿ ಶಾಕ್, ಕೋಬಿ ಜೊತೆಗೆ 40ರ ಕಾರ್ಲ್ ಮಲೋನ್, 35ರ ಗ್ಯಾರಿ ಪೇಟನ್ ಬಂದ್ರು. ಮಲೋನ್ ಮೊಣಕಾಲು ಕೈಕೊಟ್ಟಿತು. ಫೈನಲ್‌ನಲ್ಲಿ ಅಷ್ಟೇನೂ ತಾರೆಗಳಿಲ್ಲದ ಡೆಟ್ರಾಯಿಟ್ 4-1ರಲ್ಲಿ ಮಡಚಿಟ್ಟಿತು.

ಬೆಂಗಳೂರಲ್ಲಿದ್ದುಕೊಂಡು ಅಷ್ಟು ದೂರ ಹೋಗೋದೂ ಬೇಡ. ಈ ವರ್ಷದ ಆರ್‌ಸಿಬಿ ನೆನಪಿದೆಯಲ್ಲ? ಗೇಲ್ ಒಬ್ಬನೇ 733 ರನ್ ಹೊಡೆದ. ಕೊಹ್ಲಿ, ಡಿವಿಲಿಯರ್ಸ್, ದಿಲ್ಶಾನ್, ಜಹೀರ್, ಮುರಳಿ ಎಲ್ಲ ಇದ್ದೂ ಐದನೇ ಸ್ಥಾನ, ಪ್ಲೇಆಫ್ ಇಲ್ಲ. ಪಟ್ಟಿಯ ಮೇಲಿನ ಹೆಸರುಗಳು ಟಿಕೆಟ್ ಮಾರ್ತವೆ, ಪಾಯಿಂಟ್ ತಂದುಕೊಡೋದು ಕೆಳಗಿನ ಹೆಸರುಗಳು. ಲೇಕರ್ಸ್ ಬೆಂಚು ನೋಡಿ: 36ರ ಆಂಟಾನ್ ಜೇಮಿಸನ್, ಜೋಡಿ ಮೀಕ್ಸ್, ಸ್ಟೀವ್ ಬ್ಲೇಕ್, ಜೋರ್ಡಾನ್ ಹಿಲ್. ದೊಡ್ಡವರು ಕೂತಾಗ ಎಂಟತ್ತು ನಿಮಿಷ ಇವರೇ ಟೀಮನ್ನ ಎಳೀಬೇಕು.

ಹಾಗಾದ್ರೆ ಏನು ನಿರೀಕ್ಷೆ ಮಾಡೋಣ? ನನ್ನ ಲೆಕ್ಕ 50 ಗೆಲುವಿನ ಆಸುಪಾಸು. ನವೆಂಬರ್‌ನಲ್ಲಿ ಸ್ಕೋರ್ ನೋಡಬೇಡಿ, ಹೋವರ್ಡ್ ಹೇಗೆ ಓಡ್ತಾನೆ, ಹೇಗೆ ಹಾರ್ತಾನೆ ನೋಡಿ. ಜನವರಿಯಲ್ಲಿ ನ್ಯಾಶ್‌ಗೆ ಚೆಂಡು ವಾಪಸ್ ಸಿಕ್ಕಿದೆಯಾ ನೋಡಿ. ಮ್ಯಾಚಿನ ಕೊನೇ ನಿಮಿಷಗಳಲ್ಲಿ ಹೋವರ್ಡ್‌ನನ್ನ ಬೇಕಂತಲೇ ಫೌಲ್ ಮಾಡ್ತಾರೆ. ಕಳೆದ ವರ್ಷ ಅವನ ಫ್ರೀ ಥ್ರೋ ಅರ್ಧಕ್ಕರ್ಧವೂ ಬುಟ್ಟಿಗೆ ಬಿದ್ದಿಲ್ಲ. ಅದಕ್ಕೆ ಉತ್ತರ ಹುಡುಕಿದ್ದಾರಾ ನೋಡಿ. ಐದು ಮ್ಯಾಚ್ ಸೋತ ಕೂಡಲೇ ಕೋಚ್ ತಲೆ ಕೇಳಬೇಡಿ.

ಯಾಕಿಷ್ಟು ಹೇಳ್ತಿದೀನಿ ಅಂದ್ರೆ, ಹೋವರ್ಡ್ ಕರಾರು ಬರೋ ಬೇಸಿಗೆಗೆ ಮುಗಿಯುತ್ತೆ. ಕಪ್ ಒಂದನ್ನೇ ಅಳತೆಗೋಲು ಮಾಡಿ ದಿನಾ ಬೈದ್ರೆ ಅವನು ಯಾಕೆ ಇರ್ತಾನೆ? ಅವನು ಹೋದ್ರೆ, 35ರ ಹೊಸ್ತಿಲಲ್ಲಿರೋ ಕೋಬಿ ಸುತ್ತ ಇನ್ನೊಂದು ಟೀಮ್ ಕಟ್ಟೋಕೆ ಪುರುಸೊತ್ತಿಲ್ಲ. ಆರನೇ ಉಂಗುರಕ್ಕೆ ದಾರಿ ಇದ್ರೆ ಅದು ಎರಡು ವರ್ಷದ ದಾರಿ. ಮೊದಲ ವರ್ಷವೇ ನೊಗ ಮುರಿದರೆ ಎರಡನೇ ಉಳುಮೆ ಇಲ್ಲ.

ನಾನಂತೂ ಬುಧವಾರದ ಸ್ಟ್ಯಾಂಡಪ್ ಮೀಟಿಂಗನ್ನ ಹನ್ನೊಂದಕ್ಕೆ ತಳ್ಳಿದೀನಿ. ಸೋತರೂ ಪೂರ್ತಿ ನೋಡೇ ಹೊರಡೋದು.