ಮೊಬೈಲಿನಲ್ಲಿ ಕನ್ನಡದ ಓದು

ವಿದ್ಯಾರ್ಥಿಗಳ ಕೈಯಲ್ಲಿರುವ ಮೊಬೈಲಿನ ವಿಷಯದಲ್ಲಿ ನಮ್ಮ ವಿದ್ಯಾವಂತ ಸಮಾಜವು ಎರಡು ಪಕ್ಷವಾಗಿ ಒಡೆದಿದೆ. ಅದರಿಂದಲೇ ಓದು ಹಾಳಾಯಿತೆಂದು ನಿಟ್ಟುಸಿರಿಡುವವರದು ಒಂದು ಪಕ್ಷ. ಅದರೊಳಗೆ ಹೊಸದೊಂದು ಆ್ಯಪ್ ಹಾಕಿಕೊಟ್ಟರೆ ಮಾಸ್ತರರ ಕೆಲಸವೇ ಮುಗಿಯಿತೆಂದು ಸಂಭ್ರಮಿಸುವವರದು ಇನ್ನೊಂದು. ಇಬ್ಬರೂ ಮಾತನಾಡುವುದು ಉಪಕರಣವನ್ನು ಕುರಿತು. ಓದನ್ನು ಕುರಿತು ಮಾತನಾಡುವವರು ವಿರಳ. ಪುಸ್ತಕವೊಂದು ಕೈಗೆ ಬಂದಾಗ ವಿಮರ್ಶಕನಾದವನು ಅದರ ರಟ್ಟನ್ನೂ ಬೆಲೆಯನ್ನೂ ನೋಡಿ ತೀರ್ಪು ಕೊಡುವುದಿಲ್ಲ. ಒಳಗೇನಿದೆ, ಅದು ಓದುಗನಿಂದ ಏನನ್ನು ಬೇಡುತ್ತದೆ ಎಂದು ಕೇಳುತ್ತಾನೆ. ಮೊಬೈಲನ್ನೂ ಹಾಗೆಯೇ ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ‘ಓದು’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ಇದಕ್ಕೆ ಅಕ್ಷರಗಳನ್ನು ಬಿಡಿಸುವುದು ಎಂಬ ಅರ್ಥವೂ ಇದೆ, ವಿದ್ಯಾಭ್ಯಾಸ ಎಂಬ ಅರ್ಥವೂ ಇದೆ. ‘ಹುಡುಗ ಎಷ್ಟು ಓದಿದ್ದಾನೆ?’ ಎಂದು ಕೇಳಿದರೆ ಯಾರೂ ಪುಟಗಳ ಲೆಕ್ಕ ಹೇಳುವುದಿಲ್ಲ. ಅಷ್ಟೇ ಅಲ್ಲ, ನಮ್ಮ ಓದು ಬಹುಕಾಲ ಧ್ವನಿಯ ಓದಾಗಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಈ ನಾಡಿನ ಜನ ಪುಸ್ತಕ ಹಿಡಿದು ಓದದೆಯೂ ಕಾವ್ಯದಲ್ಲಿ ಪರಿಣತರೆಂದು ಹೊಗಳಿತು. ಅವರು ಕೇಳಿ ಕಲಿತವರು. ಗಮಕದ ಸಂಪ್ರದಾಯದಲ್ಲಿ ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಮತ್ತೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ವಾಚನ, ವ್ಯಾಖ್ಯಾನ ಎರಡೂ ಸೇರಿದಾಗಲೇ ಓದು ಪೂರ್ಣ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡು ಮುಂದೆ ಹೋಗೋಣ.

ನಾನು ಕನ್ನಡ ಪಾಠ ಹೇಳುವ ತರಗತಿಗೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಮಕ್ಕಳು ಬರುತ್ತಾರೆ. ಕನ್ನಡ ಜಿಲ್ಲೆಯೆಂದೇ ಹೆಸರಾದ ಉತ್ತರ ಕನ್ನಡದ ಈ ಭಾಗದಲ್ಲಿ ಕನ್ನಡವು ಎಷ್ಟೋ ಮನೆಗಳ ಮಾತಲ್ಲ. ಜೋಯಿಡಾದ ಕುಣಬಿಗಳದು ಕೊಂಕಣಿ. ಗೌಳಿಗಳದು ಮರಾಠಿಯ ಒಂದು ಬಗೆ. ಹಳಿಯಾಳದ ಅನೇಕ ಹಳ್ಳಿಗಳಲ್ಲಿ ಮರಾಠಿ. ಸಿದ್ದಿಗಳ ಮನೆಯಲ್ಲಿ ಅವರದೇ ವರಸೆಯ ಕೊಂಕಣಿ. ಮುಂಡಗೋಡದ ಬಳಿ 1966ರಿಂದ ಟಿಬೆಟನ್ನರ ನೆಲೆಯಿದೆ. ದಾಂಡೇಲಿಯಂತೂ 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಊರು. ಕೆಲಸವನ್ನರಸಿ ಬಂದವರು ಉರ್ದು, ತೆಲುಗು, ಹಿಂದಿ, ಮರಾಠಿಗಳನ್ನು ಜೊತೆಗೆ ತಂದರು. ದೇಶಕ್ಕೆ ಕಾಗದ ಕೊಡುವ ಊರಿನ ಮಕ್ಕಳು ಇಂದು ಗಾಜಿನ ಮೇಲೆ ಓದುತ್ತಾರೆಂಬುದನ್ನು ನೋಡಿ ನಗುವುದು ಸುಲಭ. ಆದರೆ ಅವರು ಏಕೆ ತಡವರಿಸುತ್ತಾರೆಂದು ನೋಡುವುದು ಹೆಚ್ಚು ಪ್ರಯೋಜನಕರ.

ತಡವರಿಕೆಗೆ ಕಾರಣ ಬುದ್ಧಿಯ ಮಾಂದ್ಯವಲ್ಲ. ಮರಾಠಿ ಶಾಲೆಯಲ್ಲಿ ದೇವನಾಗರಿ ಕಲಿತ ಹುಡುಗನ ಕಣ್ಣು ಸಂಯುಕ್ತಾಕ್ಷರವನ್ನು ಬಹುಮಟ್ಟಿಗೆ ಎಡದಿಂದ ಬಲಕ್ಕೆ ಓದುತ್ತದೆ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ಸೂರ್ಯ’ ಎಂಬಲ್ಲಿ ಮೊದಲು ಉಚ್ಚರಿಸಬೇಕಾದ ರಕಾರವು ಅರ್ಕಾವೊತ್ತಾಗಿ ಯಕಾರದ ನಂತರ ಬಂದು ಕೂಡುತ್ತದೆ. ಕಣ್ಣು ಮುಂದೆ ಹೋಗಿ ನಾಲಗೆ ಹಿಂದಕ್ಕೆ ಬರಬೇಕು. ‘ಶಾಸ್ತ್ರ’, ‘ರಾಷ್ಟ್ರ’ಗಳಲ್ಲಿ ಒತ್ತಿಗೆ ಇನ್ನೊಂದು ಒತ್ತು. ಇವೆಲ್ಲ ಅಭ್ಯಾಸದಿಂದ ಮಾತ್ರ ಸಲೀಸಾಗತಕ್ಕವು. ಕನ್ನಡ ಮನೆಮಾತಾಗಿರುವ ಮಗು ಪದವನ್ನು ಅರ್ಧ ಬಿಡಿಸಿದೊಡನೆ ಉಳಿದರ್ಧವನ್ನು ಊಹಿಸಿಕೊಳ್ಳುತ್ತದೆ. ಮನೆಯಲ್ಲಿ ಆ ಪದವನ್ನು ಎಂದೂ ಕೇಳದ ಮಗುವಿಗೆ ಊಹೆಯ ಆಸರೆಯೇ ಇಲ್ಲ.

ಇದೇನು ಪರೀಕ್ಷೆಯ ಅಂಕಗಳ ಪ್ರಶ್ನೆಯೇ? ಅಲ್ಲ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವರು ಈ ಮಕ್ಕಳೇ. 2006ರ ಅರಣ್ಯ ಹಕ್ಕು ಕಾಯಿದೆಯಂತೆ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರಿನ, ಎಂದರೆ 75 ವರ್ಷಗಳ, ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ಸಿದ್ದಿಗಳು 2003ರಲ್ಲಿ ಪಂಗಡದ ಪಟ್ಟಿಗೆ ಸೇರಿದರು. ಕಾಡಿನ ಅಂಚಿನ ಉಳಿದ ಅನೇಕರಿಗೆ ಆ ಅನುಕೂಲವಿಲ್ಲ. ಅರ್ಜಿ, ನೋಟೀಸು, ಪಹಣಿ, ಗ್ರಾಮಸಭೆಯ ಠರಾವು ಎಲ್ಲವೂ ಕನ್ನಡದಲ್ಲಿ. ಮನೆಗೆ ಕಾಗದ ಬಂದಾಗ ‘ಇದರಲ್ಲಿ ಏನಿದೆ, ಓದಿ ಹೇಳು’ ಎಂದು ಹಿರಿಯರು ಕೂಗುವುದು ಕಾಲೇಜಿಗೆ ಹೋಗುವ ಮಗನನ್ನು ಅಥವಾ ಮಗಳನ್ನು. ಆಗ ಅವರು ತಡವರಿಸಿದರೆ ಹೋಗುವುದು ಅಂಕವಲ್ಲ, ನೆಲ.

ಇನ್ನು ಮೊಬೈಲಿನತ್ತ ತಿರುಗೋಣ. ನಮ್ಮ ವಿದ್ಯಾರ್ಥಿಗಳು ದಿನವಿಡೀ ಅದರಲ್ಲಿ ಬರೆಯುತ್ತಾರೆ, ಓದುತ್ತಾರೆ. ಆದರೆ ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿ. ಕಾಳಿ ನದಿಯ ದಡದಲ್ಲಿರುವ ನಮಗೆ ಇದರ ಉದಾಹರಣೆ ದೂರದಲ್ಲಿಲ್ಲ. ‘ಕಾಳಿ’ಯನ್ನೂ ‘ಕಲಿ’ಯನ್ನೂ ಕೆಲವೊಮ್ಮೆ ‘ಖಾಲಿ’ಯನ್ನೂ ಅವರು ಅದೇ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಹ್ರಸ್ವ ದೀರ್ಘಗಳು, ಲಕಾರ ಳಕಾರಗಳು, ಅಲ್ಪಪ್ರಾಣ ಮಹಾಪ್ರಾಣಗಳು ಒಂದೇ ಮೂಸೆಯಲ್ಲಿ ಕರಗಿಹೋಗುತ್ತವೆ. ಗೊತ್ತಿದ್ದ ಮಾತನ್ನು ಗೊತ್ತಿದ್ದವರಿಗೆ ಬರೆಯುವಾಗ ಇದು ನಡೆಯುತ್ತದೆ. ಗೊತ್ತಿಲ್ಲದ ಪದವನ್ನು ಕಲಿಯಬೇಕಾದವನಿಗೆ ಇದು ದಾರಿ ತಪ್ಪಿಸುವ ಕೈಕಂಬ. ಕನ್ನಡ ಲಿಪಿ 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆದಿತ್ತು. ಇಂದು ಕನ್ನಡದ ಕೀಲಿಮಣೆ ಪ್ರತಿ ಫೋನಿನಲ್ಲಿಯೂ ಸಿಗುತ್ತದೆ. ಕೊರತೆಯಿರುವುದು ಯಂತ್ರದಲ್ಲಲ್ಲ, ರೂಢಿಯಲ್ಲಿ.

ಓದಿಗೆಂದೇ ಬಂದ ಸಾಧನಗಳಲ್ಲಿ ಮೊದಲು ಹೆಸರಿಸಬೇಕಾದದ್ದು 2017ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ದೀಕ್ಷಾ’. ಪಠ್ಯಪುಸ್ತಕದಲ್ಲಿ ಮುದ್ರಿಸಿದ ಚೌಕದ ಗುರುತಿಗೆ ಫೋನು ಹಿಡಿದರೆ ಆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಕಲ್ಪನೆ ಒಳ್ಳೆಯದು. ಆದರೆ ಭಾಷಾಪಾಠದ ಮಟ್ಟಿಗೆ ನಾನು ತೆರೆದು ನೋಡಿದ ಎಷ್ಟೋ ಕಡೆ ಸಿಕ್ಕದ್ದು ವಿಡಿಯೋ. ಉಪಾಧ್ಯಾಯರು ಪದ್ಯ ಓದುತ್ತಾರೆ, ಅರ್ಥ ಹೇಳುತ್ತಾರೆ, ಪ್ರಶ್ನೋತ್ತರವನ್ನೂ ಹೇಳುತ್ತಾರೆ. ವಿದ್ಯಾರ್ಥಿ ನೋಡುತ್ತ ಕುಳಿತಿರುತ್ತಾನೆ. ವಾಚನವೂ ಅವರದೇ, ವ್ಯಾಖ್ಯಾನವೂ ಅವರದೇ. ಓದಬೇಕಾದವನಿಗೆ ಕೆಲಸವೇ ಉಳಿಯಲಿಲ್ಲ. ಅರ್ಥ ತಿಳಿಸುವ ಸಾಧನವಾಗಿ ಇದು ಉಪಯುಕ್ತವಾದೀತು. ಓದು ಕಲಿಸುವ ಸಾಧನವೆಂದು ಇದನ್ನು ಕರೆಯುವುದು ಅತಿಶಯೋಕ್ತಿ.

ಇದಕ್ಕೆ ಮತ್ತೊಂದು ಮುಖವೂ ಇದೆ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಫೋನಿಗೆ ಬಂತು. ಆ ಆಗಸ್ಟಿನಲ್ಲಿ ರಾಜ್ಯ ಸರಕಾರ ‘ವಿದ್ಯಾಗಮ’ವನ್ನು ಆರಂಭಿಸಿ ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳಿಸಿತು, ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಘಟ್ಟದ ಹಳ್ಳಿಗಳಲ್ಲಿ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ್ದನ್ನು ಜನ ಮರೆತಿಲ್ಲ. ಹಾಗೆ ಗುಡ್ಡ ಹತ್ತಿಸಿದ್ದು ಬಹುಪಾಲು ಈ ವಿಡಿಯೋಗಳೇ. ಅಕ್ಷರಕ್ಕೆ ಅಷ್ಟು ಭಾರವಿಲ್ಲ. ಕನ್ನಡದ ಒಂದೊಂದು ಅಕ್ಷರ ಸಂಕೇತಕ್ಕೆ ಫೋನಿನಲ್ಲಿ 3 ಬೈಟ್ ಜಾಗ ಬೇಕು. ಆ ಲೆಕ್ಕದಲ್ಲಿ 300 ಪುಟದ ಕಾದಂಬರಿಯೊಂದು ಒಂದೂವರೆ ಎಂಬಿಯೊಳಗೆ ಮುಗಿಯುತ್ತದೆ, ಒಂದು ಸಿನಿಮಾ ಹಾಡಿಗಿಂತಲೂ ಹಗುರ. ಪೇಟೆಗೆ ಬಂದ ದಿನ ಒಮ್ಮೆ ಇಳಿಸಿಕೊಂಡರೆ ಕಾಡಿನೊಳಗೆ ತಿಂಗಳುಗಟ್ಟಲೆ ಓದಬಹುದು. ಆದರೆ ಅದು ಅಕ್ಷರವೇ ಆಗಿರಬೇಕು. ಹಳೆಯ ಪುಸ್ತಕದ ಪುಟಗಳ ಚಿತ್ರವಾಗಿರಬಾರದು. ಅಂಗೈಯಷ್ಟು ಗಾಜಿನಲ್ಲಿ ಪುಟದ ಚಿತ್ರವನ್ನು ಹಿಗ್ಗಿಸಿ, ಸಾಲಿನ ಕೊನೆಗೆ ಸರಿಸಿ, ಮತ್ತೆ ಮೊದಲಿಗೆ ಎಳೆದು ಓದುವಷ್ಟರಲ್ಲಿ ನುರಿತ ಓದುಗನಿಗೇ ಸಾಲು ತಪ್ಪುತ್ತದೆ, ಕಲಿಯುವವನ ಪಾಡೇನು?

ಕಥೆಗಳ ಭಂಡಾರವಾಗಿ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಮೆಚ್ಚತಕ್ಕದ್ದು. ಕಥೆಗಳನ್ನು ಓದಿನ ಸಾಮರ್ಥ್ಯಕ್ಕೆ ತಕ್ಕಂತೆ ನಾಲ್ಕು ಮಟ್ಟಗಳಲ್ಲಿ ವಿಂಗಡಿಸಿದ್ದಾರೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ಹೊಸದನ್ನು ಹೆಣೆಯಬಹುದು. ಆದರೆ ವಿಮರ್ಶಕನಾಗಿ ಎರಡು ಮಾತು ಹೇಳಲೇಬೇಕು. ಅಲ್ಲಿಯ ಕನ್ನಡ ಕಥೆಗಳಲ್ಲಿ ಬೇರೆ ಭಾಷೆಯಿಂದ ಬಂದವು ಹಲವು. ಕೆಲವುಗಳ ಕನ್ನಡ ತಪ್ಪಿಲ್ಲದ್ದಾದರೂ ಯಾವ ಊರಿನ ನಾಲಗೆಗೂ ಸೇರಿದ್ದಲ್ಲ. ಎರಡನೆಯದಾಗಿ, ಇವು ಎಳೆಯ ಮಕ್ಕಳಿಗೆ ಬರೆದವು. ಹತ್ತೊಂಬತ್ತು ವರ್ಷದ, ರಜೆಯಲ್ಲಿ ದುಡಿದು ಮನೆಗೆ ಹಣ ಕೊಡುವ ಹುಡುಗನ ಮುಂದೆ ಬೆಕ್ಕಿನ ಮರಿಯ ಕಥೆಯಿಟ್ಟು ಓದು ಎಂದರೆ ಅವನಿಗೆ ಅವಮಾನವಾಗುತ್ತದೆ. ಓದಿನ ಮಟ್ಟ ಕೆಳಗಿದ್ದ ಮಾತ್ರಕ್ಕೆ ಬದುಕಿನ ಮಟ್ಟ ಕೆಳಗಿರುವುದಿಲ್ಲ. ಸರಳ ವಾಕ್ಯಗಳಲ್ಲಿ ಪ್ರೌಢ ವಿಷಯವನ್ನು ಹೇಳುವ ಬರಹ ನಮಗೆ ಬೇಕು. ಆ ಸಾಹಿತ್ಯ ಕನ್ನಡದಲ್ಲಿ ತೀರ ಕಡಿಮೆ.

ಪದಕೋಶದ ಮಾತೂ ಹೀಗೆಯೇ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ, ಒಂದೂವರೆ ಲಕ್ಷದಷ್ಟು ಪದಗಳಿರುವ ‘ಅಲರ್’ ಕೋಶ 2019ರಿಂದ ಉಚಿತವಾಗಿ ದೊರೆಯುತ್ತಿದೆ. ಅಂತಹ ತಪಸ್ಸಿಗೆ ಕನ್ನಡಿಗರು ಕೈಮುಗಿಯಬೇಕು. ಆದರೆ ಅದು ಕನ್ನಡ-ಇಂಗ್ಲಿಷ್ ಕೋಶ. ಕೊಂಕಣಿ ಮನೆಯ ಹುಡುಗಿ ಒಂದು ಕನ್ನಡ ಪದಕ್ಕಾಗಿ ಇಂಗ್ಲಿಷಿನ ಮನೆಗೆ ಹೋಗಿ ಬರಬೇಕಾಗುತ್ತದೆ. ಅವಳಿಗೆ ಬೇಕಾದದ್ದು ಸರಳ ಕನ್ನಡದಲ್ಲಿ ಅರ್ಥ, ಸಾಧ್ಯವಾದರೆ ಪಕ್ಕದಲ್ಲಿ ಕೊಂಕಣಿಯ ಮಾತು.

ಹಾಗಾದರೆ ಮೊಬೈಲಿನಿಂದ ಓದು ಕಲಿಸಲಾಗದೆ? ಆಗುತ್ತದೆ, ಆದರೆ ಅದನ್ನು ಮಾತನಾಡಿಸುವುದರಿಂದಲ್ಲ, ಕೇಳಿಸುವುದರಿಂದ. 2019ರ ಮಾರ್ಚಿನಲ್ಲಿ ಗೂಗಲ್ ಸಂಸ್ಥೆ ಹಿಂದಿಯಲ್ಲಿ ತಂದ ‘ಬೋಲೋ’ ಎಂಬ ಆ್ಯಪ್ ಈ ತತ್ತ್ವವನ್ನು ಹಿಡಿದಿತ್ತು: ಮಗು ಗಟ್ಟಿಯಾಗಿ ಓದುತ್ತದೆ, ಫೋನು ಆಲಿಸುತ್ತದೆ, ತಪ್ಪಿದಲ್ಲಿ ತಿದ್ದುತ್ತದೆ. ಅದಕ್ಕಿಂತ ಮೊದಲೇ, 1996ರಿಂದ, ಬ್ರಿಜ್ ಕೊಠಾರಿಯವರು ಹಾಡಿನ ಕೆಳಗೆ ಅದೇ ಭಾಷೆಯ ಅಕ್ಷರಗಳನ್ನು ತೋರಿಸುವುದರಿಂದ ಅರೆಬರೆ ಓದು ಬಲ್ಲವರು ಮುಂದುವರಿಯುತ್ತಾರೆಂದು ಸಾಧಿಸುತ್ತ ಬಂದಿದ್ದಾರೆ. ಬಾಯಿಪಾಠವಾದ ಹಾಡು ಕಣ್ಣಿಗೆ ದಾರಿ ತೋರಿಸುತ್ತದೆ. ಹಾಡು ಕೇಳುವ ಹುಡುಗರ ಫೋನಿನಲ್ಲಿ ಇದು ಇನ್ನೂ ಸುಲಭ.

ನಾನು ತರಗತಿಯಲ್ಲಿ ನಡೆಸುತ್ತಿರುವ ಕ್ರಮಕ್ಕೆ ವಿಶೇಷ ಆ್ಯಪ್ ಬೇಕಾಗಿಲ್ಲ. ವಾರಕ್ಕೆ ಒಂದು ಪುಟ: ಒಮ್ಮೆ ಪತ್ರಿಕೆಯ ವರದಿ, ಒಮ್ಮೆ ಪಂಚಾಯತಿಯ ಸೂಚನೆ, ಒಮ್ಮೆ ಪ್ರಬಂಧದ ತುಣುಕು. ವಿದ್ಯಾರ್ಥಿ ಒಬ್ಬನೇ ಕುಳಿತು ಗಟ್ಟಿಯಾಗಿ ಓದಿ, ತನ್ನ ಧ್ವನಿಯನ್ನು ಫೋನಿನಲ್ಲಿ ಮುದ್ರಿಸಿಕೊಂಡು, ತಾನೇ ಕೇಳಿ, ಸರಿಯೆನಿಸಿದ್ದನ್ನು ಮಾತ್ರ ನನಗೆ ಕಳಿಸಬೇಕು. ಕೆಳಗೆ ನಾಲ್ಕು ಸಾಲಿನ ಸಾರವನ್ನು ಕನ್ನಡ ಅಕ್ಷರದಲ್ಲಿಯೇ ಬರೆಯಬೇಕು. ಮುಂಡಗೋಡದ ಕಡೆಯ ಹುಡುಗನೊಬ್ಬ ಹೇಳಿದ: “ಓದಾಕ ಬರತೈತ್ರಿ ಸರ್, ಆದ್ರ ಎಲ್ಲಾರ ಮುಂದ ಓದಾಕ ನಾಚಿಕಿ ಆಕ್ಕೈತ್ರಿ.” ಈ ನಾಚಿಕೆಯೇ ನಮ್ಮ ತರಗತಿಗಳ ದೊಡ್ಡ ಅಡ್ಡಗೋಡೆ. ಫೋನಿನ ಮುಂದೆ ನಗುವವರಿಲ್ಲ. ಕಳಿಸಿದ ಓದು ಐದನೆಯದೋ ಆರನೆಯದೋ ಆಗಿರುತ್ತದೆ; ಕಳಿಸದೆ ಅಳಿಸಿಹಾಕಿದವುಗಳಲ್ಲಿಯೇ ನಿಜವಾದ ಕಲಿಕೆ ನಡೆದಿರುತ್ತದೆ. ಮೂರು ತಿಂಗಳಲ್ಲಿ ಒತ್ತಕ್ಷರದ ಎಡವು ಕಡಿಮೆಯಾದದ್ದನ್ನೂ, ವಾಕ್ಯ ಮುಗಿದಲ್ಲಿ ಉಸಿರು ನಿಲ್ಲತೊಡಗಿದ್ದನ್ನೂ ನಾನು ಕಿವಿಯಾರೆ ಕೇಳಿದ್ದೇನೆ.

ಆಕ್ಷೇಪಣೆಗಳು ಇಲ್ಲದಿಲ್ಲ. ಎಲ್ಲರಲ್ಲಿಯೂ ಫೋನಿಲ್ಲ, ಮನೆಗೊಂದೇ ಇದ್ದಲ್ಲಿ ಅದು ಅಣ್ಣನ ಜೇಬಿನಲ್ಲಿರುತ್ತದೆ, ತಂಗಿಗೆ ಸಿಗುವುದು ರಾತ್ರಿ ಊಟವಾದ ಮೇಲೆ. ಭಾರತವೂ ಸೇರಿ ಏಳು ದೇಶಗಳ ಮೊಬೈಲ್ ಓದುಗರನ್ನು ಕುರಿತ ಯುನೆಸ್ಕೋದ 2014ರ ವರದಿಯು ಗಂಡಸರ ಸಂಖ್ಯೆ ಹೆಚ್ಚಾದರೂ ಹೆಚ್ಚು ಹೊತ್ತು ಓದುವವರು ಹೆಂಗಸರೇ ಎಂದು ಕಂಡುಕೊಂಡಿತು. ಯಾರಿಗೆ ಫೋನು ಕಡಿಮೆ ಸಿಗುತ್ತದೋ ಅವರೇ ಅದನ್ನು ಓದಿಗೆ ಹೆಚ್ಚು ಬಳಸುತ್ತಾರೆಂಬುದನ್ನು ತಂದೆತಾಯಿಗಳು ಗಮನಿಸಬೇಕು. ಅದೇ ಯುನೆಸ್ಕೋ 2023ರ ವರದಿಯಲ್ಲಿ, ಶಿಕ್ಷಣದಲ್ಲಿ ತಂತ್ರಜ್ಞಾನವನ್ನು ಹಿತಮಿತವಾಗಿ, ಕಲಿಯುವವರ ಹಿತವನ್ನು ಮುಂದಿಟ್ಟುಕೊಂಡು ಬಳಸಬೇಕೆಂದು ಎಚ್ಚರಿಸಿತು. ಎರಡೂ ನಿಜ. ಒಂದು ಪುಟವನ್ನು ಫೋನು ಕಲಿಸಬಲ್ಲದು. ಕಾದಂಬರಿಯೊಂದರಲ್ಲಿ ನಾಲ್ಕು ಗಂಟೆ ಮುಳುಗಿ ಕೂರುವ ತಾಳ್ಮೆಯನ್ನು, ನಡುನಡುವೆ ಟಿಂಗೆನ್ನುವ ಯಂತ್ರ ಕಲಿಸಲಾರದು. ಅದಕ್ಕೆ ಪುಸ್ತಕ ಬೇಕು, ಗ್ರಂಥಾಲಯ ಬೇಕು. ಓದಿ ಕಳಿಸಿದ ಧ್ವನಿಯನ್ನು ಕೂತು ಕೇಳುವ ಮಾಸ್ತರನೂ ಬೇಕು.

ಆದುದರಿಂದ ಆ್ಯಪ್ ಮಾಡುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ: ವಿಡಿಯೋ ಕಡಿಮೆ ಮಾಡಿ ಅಕ್ಷರ ಕೊಡಿ, ಅದು ಕಾಡಿನೊಳಗೂ ತೆರೆಯಲಿ, ಬೆಳೆದವರ ಬದುಕು ಅದರಲ್ಲಿರಲಿ. ಅಧ್ಯಾಪಕ ಮಿತ್ರರಲ್ಲಿ ಬೇಡಿಕೆ ಇನ್ನೂ ಚಿಕ್ಕದು: ವಾರಕ್ಕೊಂದು ಪುಟ. ಈ ಎಲ್ಲ ಸಾಧನಗಳನ್ನು ತೂಗಲು ಹೊಸ ತಕ್ಕಡಿಯೇನೂ ಬೇಡ. ಗಮಕದ ಹಳೆಯ ತಕ್ಕಡಿಯೇ ಸಾಕು. ಫೋನನ್ನು ಕೆಳಗಿಟ್ಟ ಮೇಲೆ, ಮನೆಗೆ ಬಂದ ಕಾಗದವನ್ನು ಆ ಹುಡುಗಿ ಕನ್ನಡದಲ್ಲಿ ತಡೆಯಿಲ್ಲದೆ ಓದಬಲ್ಲಳೇ? ಅದರ ಅರ್ಥವನ್ನು ಎದುರು ಕುಳಿತ ಅಜ್ಜನಿಗೆ ಕೊಂಕಣಿಯಲ್ಲಿ ಬಿಡಿಸಿ ಹೇಳಬಲ್ಲಳೇ? ಬಲ್ಲಳಾದರೆ ಆ ಸಾಧನ ಒಳ್ಳೆಯದು. ಇಲ್ಲವಾದರೆ ಅದಕ್ಕೆ ಎಷ್ಟು ಪ್ರಶಸ್ತಿ ಬಂದರೂ ನಮಗೆ ಪ್ರಯೋಜನವಿಲ್ಲ.