ಸಿಪಾಯಿ ಕವಿ ಐಸಾಕ್ ರೋಸೆನ್‌ಬರ್ಗ್

ಎಳೆಯ ವಯಸ್ಸಿನಲ್ಲಿ ಯುದ್ಧದಲ್ಲಿ ಮಡಿದ ಕವಿಯ ಕೃತಿಯನ್ನು ವಿಮರ್ಶಿಸುವುದು ಸುಲಭವಲ್ಲ. ಪುಸ್ತಕವನ್ನು ತೆರೆಯುವ ಮುನ್ನವೇ ಓದುವವರ ಮನಸ್ಸು ಕರಗಿರುತ್ತದೆ. ಕವನದಿಂದ ಹುಟ್ಟಬೇಕಾದ ಕರುಣರಸವು ಕವಿಯ ಚರಿತ್ರೆಯಿಂದಲೇ ಹುಟ್ಟಿ, ಕೃತಿಗೆ ಸಲ್ಲಬೇಕಾದ ಮನ್ನಣೆ ಮರಣಕ್ಕೆ ಸಂದುಬಿಡುತ್ತದೆ. 1914–18ರ ಮಹಾಯುದ್ಧದಲ್ಲಿ ಅಳಿದ ಇಂಗ್ಲಿಷ್ ಕವಿಗಳಲ್ಲಿ ಈ ಕನಿಕರದಿಂದ ಹೆಚ್ಚು ಲಾಭ ಪಡೆದವನು ರೂಪರ್ಟ್ ಬ್ರೂಕ್. ಐಸಾಕ್ ರೋಸೆನ್‌ಬರ್ಗನಿಗಾದರೋ ಅದರಿಂದ ನಷ್ಟವೇ ಹೆಚ್ಚು. ಬದುಕಿದ್ದರೆ ದೊಡ್ಡ ಕವಿಯಾಗುತ್ತಿದ್ದನೆಂಬ ಮಾತು ಅವನಿಗೆ ಮರ್ಯಾದೆಯಲ್ಲ. ಅವನು ಬರೆದಿಟ್ಟುಹೋದದ್ದನ್ನು ಓದದೆ ಇರುವುದಕ್ಕೆ ಒಂದು ನೆವ.

ರೋಸೆನ್‌ಬರ್ಗನು 1890ರಲ್ಲಿ ಬ್ರಿಸ್ಟಲ್ ನಗರದಲ್ಲಿ, ಲಿಥುವೇನಿಯಾ ಪ್ರಾಂತದಿಂದ ವಲಸೆ ಬಂದ ಬಡ ಯೆಹೂದಿ ಕುಟುಂಬದಲ್ಲಿ ಹುಟ್ಟಿ, ಲಂಡನಿನ ಪೂರ್ವಭಾಗದ ಸ್ಟೆಪ್ನಿಯಲ್ಲಿ ಬೆಳೆದನು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು, ಅಚ್ಚಿನ ಚಿತ್ರಗಳಿಗೆ ಫಲಕ ಕೊರೆಯುವವರಲ್ಲಿ ಕೆಲಸ ಕಲಿಯಲು ಸೇರಿದನು. ರಾತ್ರಿಯ ತರಗತಿಗಳಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿ, ಉದಾರಿಗಳ ನೆರವಿನಿಂದ 1911ರಲ್ಲಿ ಸ್ಲೇಡ್ ಕಲಾಶಾಲೆಯನ್ನು ಪ್ರವೇಶಿಸಿದನು. 1915ರ ಅಕ್ಟೋಬರಿನಲ್ಲಿ ಸೈನ್ಯಕ್ಕೆ ಸೇರಿದ್ದು ದೇಶಾಭಿಮಾನದ ಆವೇಶದಿಂದಲ್ಲ. ಯುದ್ಧವನ್ನು ಯಾವುದೂ ಸಮರ್ಥಿಸಲಾರದೆಂಬುದೇ ಅವನ ಮತವಾಗಿತ್ತು. ಕೆಲಸ ಸಿಕ್ಕದ ಆ ದಿನಗಳಲ್ಲಿ, ಸಿಪಾಯಿಯಾದರೆ ಸಂಬಳದಲ್ಲಿ ಒಂದು ಪಾಲು ತಾಯಿಗೆ ಸೇರುವುದೆಂದು ಹೋದನು. ಕುಳ್ಳನಾದುದರಿಂದ, ಎತ್ತರ ಕಡಮೆಯಾದವರಿಗಾಗಿಯೇ ಕೂಡಿಸಿದ ‘ಬಾಂಟಮ್’ ದಳದಲ್ಲಿ ಅವನಿಗೆ ಎಡೆ ದೊರೆಯಿತು. 1916ರ ಜೂನ್ ತಿಂಗಳಲ್ಲಿ ಫ್ರಾನ್ಸಿಗೆ ಹೋದ ಮೇಲೆ ಊರಿಗೆ ಬರಲು ದೊರೆತದ್ದು ಒಂದೇ ರಜೆ, 1917ರ ಸೆಪ್ಟೆಂಬರಿನಲ್ಲಿ. ಕೊನೆಯವರೆಗೂ ಅವನು ಸಾಮಾನ್ಯ ಸಿಪಾಯಿಯೇ.

ಈ ಕೊನೆಯ ಮಾತು ಕಾವ್ಯವಿಚಾರಕ್ಕೂ ಸಂಬಂಧಿಸಿದುದು. ಬ್ರೂಕ್, ಸಸೂನ್, ಓವೆನ್ ಮೂವರೂ ಅಧಿಕಾರಿಗಳು. ತನ್ನ ಹೊಣೆಯಲ್ಲಿರುವ ಸಿಪಾಯಿಗಳು ಸಾಯುವುದನ್ನು ಕಂಡು ಓವೆನ್ ಮರುಗಿದನು, ಸಸೂನ್ ಕೆರಳಿದನು. ರೋಸೆನ್‌ಬರ್ಗನು ಆ ಮರುಕಕ್ಕೆ ಪಾತ್ರರಾದವರ ಸಾಲಿನಲ್ಲೇ ನಿಂತವನು. ಆದುದರಿಂದ ಅವನ ಕವನಗಳಲ್ಲಿ ಮರುಕವಾಗಲಿ ಕೋಪವಾಗಲಿ ಮುಂದೆ ಬಂದು ನಿಲ್ಲುವುದಿಲ್ಲ. ಕಂದಕದಲ್ಲಿ ಬೆಳಗಾಗುವುದನ್ನು ಕುರಿತ ಕವನವನ್ನು ನೋಡಬಹುದು; ಚಿಕಾಗೋವಿನ ‘ಪೊಯೆಟ್ರಿ’ ಪತ್ರಿಕೆ 1916ರ ಡಿಸೆಂಬರಿನಲ್ಲಿ ಪ್ರಕಟಿಸಿದ್ದು ಅದನ್ನು. ದಿಬ್ಬದ ಮೇಲಿನ ಕೆಂಪು ಗಸಗಸೆಯ ಹೂವನ್ನು ಕಿತ್ತು ಕಿವಿಗೆ ಸಿಕ್ಕಿಸಿಕೊಳ್ಳುವ ಸಿಪಾಯಿಯ ಕೈಗೆ ಒಂದು ಇಲಿ ಸೋಕುತ್ತದೆ. ಇಂಗ್ಲಿಷರ ಕೈ ಸೋಕಿದ ಆ ಇಲಿ ಜರ್ಮನರ ಕೈಯನ್ನೂ ಸೋಕೀತು. ಅದಕ್ಕೆ ಪಕ್ಷವಿಲ್ಲ, ಗಟ್ಟಿಮುಟ್ಟಾದ ಆ ತರುಣರಿಗಿಂತ ಬದುಕಿ ಉಳಿಯುವ ಸಂಭವವೂ ಅದಕ್ಕೇ ಹೆಚ್ಚು. ಕವಿ ಯುದ್ಧವನ್ನು ಹಳಿಯುವುದಿಲ್ಲ. ಇಲಿಯೊಡನೆ ವಿನೋದವಾಗಿ ಮಾತನಾಡುತ್ತಾನೆ. ಹೀಗೆ ಹಾಸ್ಯದ ಒಳಗಿಂದ ಭಯಾನಕವನ್ನು ಧ್ವನಿಸುವ ಶಕ್ತಿ ಅವನ ಸಮಕಾಲೀನರಲ್ಲಿ ವಿರಳ. ಮೇಣದ ಬತ್ತಿಯ ಬೆಳಕಿನಲ್ಲಿ ಬತ್ತಲೆಯಾಗಿ ಹೇನು ಹೆಕ್ಕುವ ಸಿಪಾಯಿಗಳ ನೆರಳು ಗೋಡೆಯ ಮೇಲೆ ಕುಣಿಯುವ ಇನ್ನೊಂದು ಕವನದಲ್ಲಿ ಬೀಭತ್ಸವೂ ಹಾಸ್ಯವೂ ಬೇರ್ಪಡಿಸಲಾರದಷ್ಟು ಬೆರೆತಿವೆ. ಅಲ್ಲಿ ಕೆಲಸಮಾಡಿರುವುದು ಚಿತ್ರಕಾರನ ಕಣ್ಣು.

ಎಲ್ಲಕ್ಕಿಂತ ಮಿಗಿಲಾದದ್ದು 1917ರ ‘ಡೆಡ್ ಮ್ಯಾನ್ಸ್ ಡಂಪ್’. ರಾತ್ರಿಯಲ್ಲಿ ಮುಳ್ಳುತಂತಿಯನ್ನು ಸಾಗಿಸುವುದು ಕವಿಗೆ ಬಿದ್ದ ಕೆಲಸ. ಹಾದಿಯಲ್ಲಿ ಬಿದ್ದ ಹೆಣಗಳ ಮೇಲೆಯೇ ಬಂಡಿ ಹಾಯಬೇಕು. ಕವನದ ಕೊನೆಯಲ್ಲಿ ಗಾಯಗೊಂಡವನೊಬ್ಬನು ದೂರದ ಗಾಲಿಗಳ ಸದ್ದು ಕೇಳಿ ನೆರವು ಬಂತೆಂದು ಕೂಗಿಕೊಳ್ಳುತ್ತಾನೆ. ಬಂಡಿ ಬರುವುದೇನೋ ಬರುತ್ತದೆ. ಅಷ್ಟರಲ್ಲಿ ಪ್ರಾಣ ಹೋಗಿ, ಗಾಲಿ ಆ ಮುಖವನ್ನು ಸವರಿಕೊಂಡು ಹೋಗುತ್ತದೆ. ಬಂಡಿಯ ಜೊತೆಯಲ್ಲಿ ನಡೆಯುತ್ತಿರುವವನೇ ಕವಿ ಎಂಬುದನ್ನು ಮರೆಯಬಾರದು. ನಾಳೆ ತಾನೂ ಆ ಹಾದಿಯಲ್ಲಿ ಬಿದ್ದಿರಬಹುದೆಂದು ಬಲ್ಲವನ ಮಾತು ಇದು. ಆದರೂ ಒಂದು ಬಿಕ್ಕೂ ಇದರಲ್ಲಿ ಕೇಳಿಸುವುದಿಲ್ಲ.

ಇವನ ಛಂದಸ್ಸು ಒರಟು, ಉಪಮೆಗಳು ಒಂದರ ಮೇಲೊಂದು ನುಗ್ಗಿ ಅರ್ಥವನ್ನು ಮುಸುಕುತ್ತವೆ ಎಂಬ ಆಕ್ಷೇಪಣೆಯುಂಟು. 1912ರ ‘ನೈಟ್ ಅಂಡ್ ಡೇ’ ಪುಸ್ತಿಕೆಯ ಮಟ್ಟಿಗೆ ಅದು ನಿಜ. ಅಲ್ಲಿ ಕೀಟ್ಸ್, ಶೆಲ್ಲಿಯರ ಪ್ರತಿಧ್ವನಿಯೂ ಬೇಕಾದಷ್ಟಿದೆ. ಕಂದಕದ ಕವನಗಳಿಗೆ ಅದೇ ಅಳತೆಗೋಲನ್ನು ಹಿಡಿಯುವುದು ಅನುಚಿತ. ಸಿಕ್ಕಿದ ಕಾಗದದ ಚೂರಿನ ಮೇಲೆ ಬರೆದು ಕಳುಹಿಸಿದ್ದನ್ನು ಲಂಡನಿನಲ್ಲಿ ತಂಗಿ ಬೆರಳಚ್ಚು ಮಾಡಿಡುತ್ತಿದ್ದಳು. ತಿದ್ದಲು ಬಿಡುವಿಲ್ಲದ್ದು ದಿಟ. ಆದರೆ ಬಂಡಿಯ ಕವನದ ಸಾಲುಗಳು ಕುಲುಕಾಡುತ್ತ ಸಾಗುವುದು ಬಿಡುವಿಲ್ಲದ್ದರಿಂದ ಅಲ್ಲ. ವಿಷಯಕ್ಕೆ ಅದೇ ಉಚಿತವಾದ ನಡೆ.

1918ರ ಏಪ್ರಿಲ್ 1ರ ನಸುಕಿನಲ್ಲಿ ಆರಾಸ್ ಪಟ್ಟಣದ ಸಮೀಪದಲ್ಲಿ ರೋಸೆನ್‌ಬರ್ಗನು ಮಡಿದನು. ವಯಸ್ಸು 27. ಗಾರ್ಡನ್ ಬಾಟಮ್ಲಿ 1922ರಲ್ಲಿ ಆಯ್ದ ಕವನಗಳನ್ನೂ, ಡೆನಿಸ್ ಹಾರ್ಡಿಂಗನ ಜೊತೆಗೂಡಿ 1937ರಲ್ಲಿ ಸಮಗ್ರ ಕೃತಿಗಳನ್ನೂ ಸಂಪಾದಿಸಿದನು. ಮರಣಕ್ಕೆ ನಾಲ್ಕು ದಿನ ಮುಂಚೆ, ಮಾರ್ಚ್ 28ರಂದು, ಎಡ್ವರ್ಡ್ ಮಾರ್ಷನಿಗೆ ಬರೆದ ಕಾಗದದಲ್ಲಿ ಅವನ ಕಡೆಯ ಕವನವಿದೆ. ಯೆಹೂದ್ಯರು ತಮ್ಮ ಪುರಾತನ ನಾಡಿಗಾಗಿ ಹಂಬಲಿಸುವುದು ಅದರ ವಸ್ತು. ಕಡೆಯದೆಂಬ ಕಾರಣದಿಂದಲೇ ಅದನ್ನು ಅತ್ಯುತ್ತಮವೆಂದು ಕೊಂಡಾಡುವವರಿದ್ದಾರೆ. ಚೊಕ್ಕವಾದ ಕವನವೇ ಸರಿ. ಬಂಡಿಯ ಕವನದ ಎತ್ತರಕ್ಕೆ ಅದು ಏರುವುದಿಲ್ಲ.