ಇಂಗ್ಲಿಷಿನ ಬಳಸುದಾರಿ: ಸ್ಪ್ಯಾನಿಷ್ ಸ್ವಯಂಬೋಧಿನಿಗಳನ್ನು ಕುರಿತು

ಸ್ಪ್ಯಾನಿಷ್ ಮಾತನ್ನು ತಾವಾಗಿಯೇ ಕಲಿಯಬಯಸುವವರಿಗೆ ನಮ್ಮಲ್ಲಿ ಸಿಗುವ ಪಾಠಗಳು ಬಹುಮಟ್ಟಿಗೆ ಇಂಗ್ಲಿಷ್ ಮಾತುಗಾರನನ್ನು ಎದುರಿಗಿಟ್ಟುಕೊಂಡು ರಚಿತವಾದವು. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆಗಾಗಿ ಸ್ಟಾಕ್‌ವೆಲ್, ಬೋವೆನ್ ಮೊದಲಾದವರು ಸಿದ್ಧಪಡಿಸಿದ ಪಾಠಮಾಲೆ ಇಂದಿಗೂ ಸ್ವಯಂಕಲಿಕೆಯವರ ಕೈಯಲ್ಲಿದೆ. ಇವರಿಬ್ಬರೇ 1965ರಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಧ್ವನಿಗಳ ವ್ಯತಿರೇಕಿ ಅಧ್ಯಯನವನ್ನೂ ಪ್ರಕಟಿಸಿದರು. ಆ ಬಗೆಯ ಪಾಠಗಳ ಬಲವೆಲ್ಲ ಈ ವ್ಯತಿರೇಕದಲ್ಲಿಯೇ ಇದೆ. ಅದೇ ಪಾಠ ಹೊಸಕೋಟೆ ತಾಲ್ಲೂಕಿನ ನಂದಗುಡಿಯಲ್ಲಿ ಶಾಲೆಯಲ್ಲಿ ಕನ್ನಡವನ್ನೂ ಮನೆಯಲ್ಲಿ ತೆಲುಗನ್ನೂ ಆಡುವ ಕಲಿಕೆಗಾರನ ಕೈಗೆ ಬಂದಾಗ ಏನಾಗುತ್ತದೆ ಎಂಬುದು ನಮ್ಮ ಪ್ರಶ್ನೆ.

ಮೊದಲು ಉಚ್ಚಾರಣೆ. ಸ್ಪ್ಯಾನಿಷಿನ ತಕಾರ ದಂತ್ಯ, ಅಲ್ಪಪ್ರಾಣ. ಇಂಗ್ಲಿಷರಿಗೆ ಇದು ಕಷ್ಟ. ಆದ್ದರಿಂದ ಪಾಠಗಳು ಇದರ ಮೇಲೆ ಸಾಕಷ್ಟು ಅಭ್ಯಾಸ ಮಾಡಿಸುತ್ತವೆ. ನಮ್ಮವನಿಗೆ ಅದು 'ತಂದೆ'ಯ ತಕಾರ, ಅಷ್ಟೆ. ಆದರೆ ಇಂಗ್ಲಿಷ್ ಅಕ್ಷರವನ್ನು ಕಂಡೊಡನೆ ಅವನ ನಾಲಗೆ 'ಟೇಬಲ್ಲಿ'ನ ಟಕಾರಕ್ಕೆ ಹೊರಳುತ್ತದೆ. 'ತೂ' ಎನ್ನಬೇಕಾದಲ್ಲಿ 'ಟೂ' ಎನ್ನುತ್ತಾನೆ. ಈ ತಪ್ಪು ಕನ್ನಡದಿಂದ ಬಂದುದಲ್ಲ, ಮಾಧ್ಯಮದಿಂದ ಬಂದುದು. 'ತೂ', 'ಉಸ್ತೆದ್' ಎಂಬ ಎರಡು ಸಂಬೋಧನೆಗಳನ್ನು ವಿವರಿಸಲು ಈ ಪುಸ್ತಕಗಳು ಪಡುವ ಶ್ರಮವೂ ಇಂಥದೇ. ನೀನು, ನೀವು ಎಂಬುದನ್ನು ತೊಟ್ಟಿಲಲ್ಲೇ ಕಲಿತವನಿಗೆ ಒಂದು ಸಾಲು ಸಾಕಿತ್ತು.

ಹೆಚ್ಚು ಗಂಭೀರವಾದುದು ವಾಕ್ಯರಚನೆ. 'ಮೆ ಗುಸ್ತಾ ಎಲ್ ಕಫೆ' ಎಂಬಲ್ಲಿ ಕಾಫಿಯೇ ಕರ್ತೃ, ಮೆಚ್ಚುವವನು ಚತುರ್ಥಿಯಲ್ಲಿದ್ದಾನೆ. ಇಂಗ್ಲಿಷಿನಿಂದ ಹೊರಟವನಿಗೆ ಇದು ತಲೆಕೆಳಗಾದ ವಾಕ್ಯ, ಪಾಠಗಳೂ ಹಾಗೆಯೇ ಪರಿಚಯಿಸುತ್ತವೆ. 'ನನಗೆ ಕಾಫಿ ಇಷ್ಟ' ಎನ್ನುವವನಿಗೆ, 'ನಾಕು ಕಾಫೀ ಇಷ್ಟಂ' ಎನ್ನುವವನಿಗೆ, ಅದು ನೆಟ್ಟಗಿನ ವಾಕ್ಯ. ತನ್ನ ವಾಕ್ಯವನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಮತ್ತೆ ತಿರುಗಿಸಿ, ಹೊರಟಲ್ಲಿಗೇ ಅವನು ಬಂದು ನಿಲ್ಲುತ್ತಾನೆ. ಇಷ್ಟರಲ್ಲಿ ಇಂಗ್ಲಿಷಿನಲ್ಲಿ ಎಡವಿದ್ದನ್ನೆಲ್ಲ ಸ್ಪ್ಯಾನಿಷಿನಲ್ಲಿ ಎಡವಿದೆನೆಂದೇ ಎಣಿಸಿ ಎಷ್ಟೋ ಮಂದಿ ಪುಸ್ತಕ ಮುಚ್ಚಿಡುತ್ತಾರೆಂದು ನಮ್ಮ ಊಹೆ.

'ಸೆರ್', 'ಎಸ್ತಾರ್' ಎಂಬ ಎರಡು ಕ್ರಿಯಾಪದಗಳ ಮಾತೂ ಹೀಗೆಯೇ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಕನ್ನಡದಲ್ಲಿ 'ಅವರು ಮೇಷ್ಟ್ರು' ಎಂಬುದಕ್ಕೆ ಕ್ರಿಯಾಪದವೇ ಬೇಡ, 'ಅವರು ಮನೆಯಲ್ಲಿದ್ದಾರೆ' ಎಂಬುದಕ್ಕೆ 'ಇರು' ಬೇಕೇ ಬೇಕು. ನಿಷೇಧದಲ್ಲಿ ಈ ಭೇದ ಇನ್ನೂ ನಿಚ್ಚಳ: ಮೇಷ್ಟ್ರಲ್ಲ, ಮನೆಯಲ್ಲಿಲ್ಲ. ತೆಲುಗಿನ 'ಕಾದು', 'ಲೇದು' ಕೂಡ ಇದನ್ನೇ ಹೇಳುತ್ತವೆ. 'ಅಲ್ಲ' ಹೊಂದುವಲ್ಲಿ ಸೆರ್, 'ಇಲ್ಲ' ಹೊಂದುವಲ್ಲಿ ಎಸ್ತಾರ್ ಎಂಬ ಸೂತ್ರ ಆರಂಭಕ್ಕೆ ಧಾರಾಳವಾಗಿ ಸಾಲುತ್ತದೆ.

ಸೂತ್ರ ಎಲ್ಲೆಡೆಯೂ ನಡೆಯದೆಂಬುದನ್ನು ಮರೆಮಾಚಲಾಗದು. 'ಮದುವೆ ಛತ್ರದಲ್ಲಿದೆ' ಎಂಬಲ್ಲಿ ನಮಗೆ 'ಇರು' ಬೇಕು. ಸ್ಪ್ಯಾನಿಷಾದರೋ ಘಟನೆ ನಡೆಯುವ ಸ್ಥಳಕ್ಕೆ ಸೆರ್ ಅನ್ನೇ ಬಳಸುತ್ತದೆ. ಲಿಂಗದ ವಿಷಯದಲ್ಲಂತೂ ಕನ್ನಡದಿಂದ ನೆರವಿಲ್ಲ. ನಮ್ಮ ಲಿಂಗ ಅರ್ಥವನ್ನು ಅನುಸರಿಸುವುದು, ಮೇಜು ಸ್ತ್ರೀಲಿಂಗ ಹೇಗಾಯಿತೆಂದು ಕೇಳುವವನಿಗೆ ಬಾಯಿಪಾಠದ ಹೊರತು ಬೇರೆ ಉತ್ತರ ಕೊಡಲು ನಮಗೂ ತೋಚದು.